ಇಲ್ಲದಿದ್ದರೆ ಮೇಷ್ಟರು

ನಿವೃತ್ತನಾದಮೇಲೆ ಕಂಪ್ಯೂಟರ್ ಕಲಿಯಲು ಸೇರಿ ಬರೆದ ನನ್ನ ಮೊದಲ ಪ್ರೋಗ್ರಾಂಗೆ ನಾನೇ ಇಟ್ಟ ಪಾಸ್‌ವರ್ಡನ್ನು ಇಡೀ ತರಗತಿಯೆದುರು ನಾನೇ ತಪ್ಪಾಗಿ ಒತ್ತಿದೆ. ಪರದೆ ಮೂಕವಾಗಿ ನಿಂತಿತು. "ಸರಿ ಇದ್ರೆ ಒಳಗೆ ಬಿಡು ಅಂತ ಬರೆದ್ರಿ. ಇಲ್ಲದಿದ್ರೆ? ಅದನ್ನ ಬರೀಲೇ ಇಲ್ಲ. ಪಾಪ, ಕಂಪ್ಯೂಟರ್ ಏನ್ ಮಾಡ್ಬೇಕು?" ಎಂದರು ನಮ್ಮ ಕಂಪ್ಯೂಟರ್ ಮೇಷ್ಟರು. ಅವರ ಬಾಯಲ್ಲಿ ಸದಾ ಇದೇ ಮಾತು. ಹಾಲು ಬಂದರೆ ಟೀ ಕೊಡುತ್ತೇನೆಂದ ಅಂಗಡಿಯವನಿಗೂ "ಬರದಿದ್ರೆ?", ಪುರಸೊತ್ತಾದರೆ ಬನ್ನಿ ಎಂದ ಷಡ್ಡಕನಿಗೂ "ಆಗದಿದ್ರೆ?". ಅವರನ್ನು ಕಂಡರೆ ಜನ ರಸ್ತೆ ದಾಟಿಬಿಡುತ್ತಾರೆ. ಇಲ್ಲದಿದ್ದರೆ ಉತ್ತರ ಸಿದ್ಧಮಾಡಿಕೊಂಡು ನಿಲ್ಲುತ್ತಾರೆ. ಮೊನ್ನೆ ಅವರ ಜೊತೆ ನಾನೂ ಆಸ್ಪತ್ರೆಗೆ ಹೋಗಿದ್ದೆ. ತಿಂಗಳಿಂದ ಪ್ರಜ್ಞೆಯಿಲ್ಲದೆ ಮಲಗಿರುವ ಅವರ ಹೆಂಡತಿಯನ್ನು ನೋಡಿದ ಡಾಕ್ಟರು, "ಎಚ್ಚರ ಆದ್ರೆ ಮನೆಗೆ ಕರ್ಕೊಂಡು ಹೋಗ್ಬಹುದು" ಎಂದರು. ಮೇಷ್ಟರು ತಲೆಯಾಡಿಸಿ, ಹೆಂಡತಿಯ ಹೊದಿಕೆ ಸರಿಮಾಡಿದರು, ಅಷ್ಟೇ. ಹೊರಗೆ ಬಂದಮೇಲೆ ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ: "ಇಲ್ಲದಿದ್ರೆ ಅಂತ ಕೇಳ್ಲೇ ಇಲ್ವಲ್ಲ ಮೇಷ್ಟ್ರೇ?" ಅವರು ಕನ್ನಡಕ ಒರೆಸಿಕೊಂಡು ಹೇಳಿದರು: "ಅದನ್ನ ಬರೀಲೇಬೇಕು ಅಂತೇನೂ ಇಲ್ಲ ಸಾರ್."