ಸುವಾರ್ತಮ್ಮ ಹೇಳಿದ ಸಾಕ್ಷಿ

ಚಿತ್ತವಾಡ್ಗಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ ಸುವಾರ್ತಮ್ಮನ ಬಾಯಿಗೆ ಹೆದರದವರಿರಲಿಲ್ಲ. ಬ್ಲೌಸ್ ತಡವಾಯಿತೆಂದು ಜಗಳಕ್ಕೆ ಬಂದವರೂ ಕೊನೆಗೆ ಅವಳ ಮನೆಯ ಚಹಾ ಕುಡಿದು ಸುಮ್ಮನೆ ಹೋಗುತ್ತಿದ್ದರು. ಮಕ್ಕಳಾಗಲಿಲ್ಲವಾ ಎಂದು ಕೇಳಿದರೆ ಮಾತ್ರ ಅವಳ ಬಾಯಿ ಕಟ್ಟಿಹೋಗುತ್ತಿತ್ತು.

ಗಂಡ ಮಾರೆಪ್ಪ ಸಂಡೂರಿನ ಅದಿರು ಲಾರಿ ಓಡಿಸುತ್ತಿದ್ದ. ಗಣಿ ಜೋರಾಗಿದ್ದ ಕಾಲ. ಕೈಯಲ್ಲಿ ನಾಲ್ಕು ಕಾಸು ಓಡಾಡಿದ್ದೇ ತಡ, ಗಂಡ ಹೆಂಡತಿ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋದರು. ಡಾಕ್ಟರಮ್ಮ ಪ್ರನಾಳ ಶಿಶುವಿನ ವಿಷಯ ಬಿಡಿಸಿ ಹೇಳಿದರು. ಏಳೆಂಟು ಭ್ರೂಣ ಮಾಡೋಣ, ಎರಡನ್ನು ಒಳಗಿಡೋಣ, ಉಳಿದದ್ದು ಫ್ರೀಜರಿನಲ್ಲಿರಲಿ, ಬೇಡವಾದರೆ ಚೆಲ್ಲಿದರಾಯಿತು ಎಂದರು. ಸುವಾರ್ತಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು.

"ಚೆಲ್ಲಾಕ ಅದೇನು ಹುಳಿ ಮಜ್ಜಿಗೇನ್ರಿ? ಎರಡ ಮಾಡ್ರಿ, ಎರಡೂ ನನ್ನ ಹೊಟ್ಟ್ಯಾಗ ಇಡ್ರಿ. ದೇವರು ಜೀವ ಕೊಟ್ಟಿದ್ದನ್ನ ನಾನು ಚೆಲ್ಲಂಗಿಲ್ಲ."

ಡಾಕ್ಟರಮ್ಮ ಮುಖ ಗಂಟಿಕ್ಕಿದರೂ ಅವಳು ಹಟ ಬಿಡಲಿಲ್ಲ. ಎರಡನ್ನೇ ಮಾಡಿ ಎರಡನ್ನೂ ಇಟ್ಟರು. ಮೊದಲ ಸ್ಕ್ಯಾನಿಂಗಿನಲ್ಲಿ ಎರಡು ಎದೆಬಡಿತ ಕಂಡವು, ಮುಂದಿನದರಲ್ಲಿ ಒಂದೇ. ಅವತ್ತು ಸುವಾರ್ತಮ್ಮ ಹೊಟ್ಟೆ ಹಿಡಿದುಕೊಂಡು ಅತ್ತಳು. ಒಂದು ಹೋದದ್ದನ್ನು ಅತ್ತೆ ಕರೆಮ್ಮನಿಗೂ ಹೇಳಲಿಲ್ಲ. ಉಳಿದ ಹೆಣ್ಣುಕೂಸು ಸುಖವಾಗಿ ಹುಟ್ಟಿತು.

ಅವರ ಓಣಿಯ ಚರ್ಚಿನಲ್ಲಿ ಒಂದು ಪದ್ಧತಿ. ದೀಕ್ಷಾಸ್ನಾನದ ಭಾನುವಾರ ತಾಯಿ ಎದ್ದು ನಿಂತು ಕೂಸು ಹೇಗೆ ಬಂತೆಂದು ಸಾಕ್ಷಿ ಹೇಳಬೇಕು, ಆಮೇಲೇ ಕೂಸಿನ ತಲೆಗೆ ನೀರು. ಆಸ್ಪತ್ರೆಯ ಸುದ್ದಿ ಕಿವಿಗೆ ಬಿದ್ದು ಹಿಂದಿನ ದಿನ ಪಾಸ್ಟರು ಮನೆಗೇ ಬಂದರು.

"ಗಾಜಿನ್ಯಾಗ ಕೂಸು ಮಾಡ್ಸೋದು ದೇವರ ಕೆಲಸಕ್ಕ ಕೈ ಹಾಕಿದಂಗಮ್ಮ, ಅದು ಪಾಪ. ಆಗಿದ್ದಾತು. ನಾಳೆ ಉಪವಾಸ ಪ್ರಾರ್ಥನೆಯಿಂದ ಆತು ಅಂತ ಹೇಳು. ಆಸ್ಪತ್ರಿ ಸುದ್ದಿ ಎತ್ತಿದ್ರ ನಾನು ನೀರು ಹಾಕಂಗಿಲ್ಲ. ಬೈಬಲಿನ ಹನ್ನ ಬಂಜೆ ಇದ್ಲು, ಪ್ರಾರ್ಥನೆ ಮಾಡೇ ಮಗನ್ನ ಪಡದ್ಲು, ಆಕಿ ಯಾವ ಆಸ್ಪತ್ರಿಗೆ ಹೋಗಿದ್ಲು?"

"ನೀವು ಎದಿಗೆ ಸ್ಟೆಂಟ್ ಹಾಕಿಸ್ಕೊಂಡ್ರಲ್ಲ ಅಯ್ಯನೋರೆ, ಯೇಸುಸ್ವಾಮಿ ಶಿಷ್ಯ ಪೇತ್ರ ಯಾವ ಆಸ್ಪತ್ರ್ಯಾಗ ಹಾಕಿಸ್ಕೊಂಡಿದ್ದ?"

"ಬಾಯಿ ಮುಚ್ಚೇ! ಅಯ್ಯನೋರು ಹೇಳಿದಂಗ ಅಂದುಬಿಡು," ಎಂದು ಕರೆಮ್ಮ ಗದರಿದಳು. ಕೂಸಿಗೆ ನೀರು ತಪ್ಪಿದರೆ ಏನು ಗತಿ ಎಂಬ ಹೆದರಿಕೆ ಆಕೆಗೆ. ಹೆದರಿಕೆ ಸುವಾರ್ತಮ್ಮನಿಗೂ ಇತ್ತು, ಸುಳ್ಳೇಕೆ?

ಭಾನುವಾರ ಚರ್ಚು ತುಂಬಿತ್ತು. ಸುವಾರ್ತಮ್ಮ ಸೆರಗು ಹೊದ್ದು, ಕೂಸನ್ನು ಎತ್ತಿಕೊಂಡು ನಿಂತಳು.

"ಪ್ರಾರ್ಥನೆನೂ ಮಾಡೀನಿ, ಆಸ್ಪತ್ರಿಗೂ ಹೋಗೀನಿ. ದೇವರು ಡಾಕ್ಟರ ಕೈಯಿಂದ ನನಗ ಎರಡು ಕೂಸು ಕೊಟ್ಟ. ಒಂದು ಇಲ್ಲೈತಿ. ಇನ್ನೊಂದು ಹೊಟ್ಟ್ಯಾಗ ತೀರಿಕೊಂತು. ಅದರ ಎದಿಬಡಿತ ನಾನು ಕಂಡಿದ್ದು ಆಸ್ಪತ್ರ್ಯಾಗ ಅಷ್ಟ. ಇವತ್ತು ನಾನು ಆಸ್ಪತ್ರಿ ಮುಚ್ಚಿಟ್ರ, ಆ ಕೂಸು ಇದ್ದಿದ್ದ ಸುಳ್ಳಾಗತೈತಿ. ನನ್ನ ಕೂಸನ್ನ ನಾನ ಇಲ್ಲ ಅನ್ನಲೇನು? ಪಾಪ ಅಂದ್ರ ಅದ್ರೀ ಅಯ್ಯನೋರೆ. ಇಬ್ರಿಗೂ ಪ್ರಾರ್ಥನೆ ಮಾಡಿ ಈ ಕೂಸಿಗೆ ನೀರು ಹಾಕ್ರಿ. ಅಲ್ಲೀತನಕ ನಾನು ಕುಂದ್ರಂಗಿಲ್ಲ."

ಪಾಸ್ಟರು ನೀರಿನ ಬಟ್ಟಲಿನ ಮುಂದೆ ಕೈಕಟ್ಟಿ ನಿಂತೇ ಇದ್ದರು. ಹೆಂಗಸರ ಸಾಲಿನಿಂದ ಕರೆಮ್ಮ ಎದ್ದು ಬಂದಳು. ಸೊಸೆಯನ್ನು ಬೈಯಲು ಬಂದಳೆಂದೇ ಎಲ್ಲರೂ ತಿಳಿದರು.

"ನನಗರ ಹೇಳಬಾರ್ದಿತ್ತೇನೇ?" ಎಂದು ಸೊಸೆಯ ಭುಜ ಹಿಡಿದಳು. ಕಣ್ಣೊರೆಸಿಕೊಂಡು ಪಾಸ್ಟರ ಕಡೆ ತಿರುಗಿದಳು.

"ನನಗ ಮೊಮ್ಮಕ್ಕಳು ಇಬ್ರು ಅಯ್ಯನೋರೆ. ನೀರು ಹಾಕ್ರಿ."