ಚಳಿಗೆ ನಿಲ್ಲುವ ಪುಟ್ಟ ಕಾರು

ನನ್ನ ಹೇರ್ ಡ್ರೈಯರ್ ಈ ವರ್ಷ ನನ್ನ ತಲೆಗಿಂತ ಹೆಚ್ಚು ಸಲ ಒಂದು ಆಟದ ಕಾರನ್ನು ಒಣಗಿಸಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಐವತ್ತರ ಹತ್ತಿರ ಬಂದ ಹೆಂಗಸು, ಮೆಲ್ಬರ್ನಿನ ಕ್ಲೇಟನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ, ಮನೆಯಲ್ಲಿ ಹನ್ನೆರಡನೆಯ ಕ್ಲಾಸಿನ ಮಗಳು. ಇಂಥವಳು ಇಲ್ಲಿನ ನಡುಚಳಿಗಾಲವಾದ ಜುಲೈ ತಿಂಗಳ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಕಾರನ್ನು ಅಂಗಾತ ಮಲಗಿಸಿ, ಚಕ್ರದ ಸಂದಿಗೆ ಬಿಸಿಗಾಳಿ ಬಿಡುತ್ತ ಕೂತಿರುವುದನ್ನು ಕಂಡರೆ ನೀವು ಏನೆಂದುಕೊಳ್ಳುತ್ತೀರೋ ನನಗೆ ಗೊತ್ತು. ನಾನೂ ಅದನ್ನೇ ಅಂದುಕೊಳ್ಳುತ್ತಿದ್ದೆ.

ಕಾರು ನನ್ನದಲ್ಲ, ನಮ್ಮವರದು. ಮೊಳದುದ್ದದ ನೀಲಿ ಕಾರು. ಕೈಯಲ್ಲಿ ಹಿಡಿಯುವ ರಿಮೋಟಿನಿಂದ ಓಡುತ್ತದೆ. ಮಗಳು ಅನಘಾಳಿಗೆ ಎಂಟು ವರ್ಷವಾದಾಗ ಅವಳ ಹೆಸರಿನಲ್ಲಿ ಮನೆಗೆ ಬಂತು. ಅವಳು ಮೂರು ವಾರ ಆಡಿ ಮರೆತಳು, ಅಪ್ಪ ಮರೆಯಲಿಲ್ಲ. ಕಳೆದ ಫೆಬ್ರುವರಿಯಲ್ಲಿ ರೈಲ್ವೆ ಸಿಗ್ನಲ್ಲಿನ ಕೆಲಸಕ್ಕೆಂದು ಅವರು ಸಿಡ್ನಿಗೆ ಹೊರಟಾಗ, ಮಗಳ ಓದು ಕೆಡಬಾರದೆಂದು ನಾವಿಬ್ಬರೂ ಗ್ಲೆನ್ ವೇವರ್ಲಿಯಲ್ಲೇ ಉಳಿದೆವು. ಈ ಸಬರ್ಬಿಗೆ ಬಂದಿದ್ದೇ ಸ್ಕೂಲಿಗಾಗಿ. ಮಾರ್ಟ್‌ಗೇಜ್ ಕಟ್ಟುತ್ತಿರುವುದೂ ಸ್ಕೂಲಿಗಾಗಿ. ಹೀಗಿರುವಾಗ ಕೊನೆಯ ವರ್ಷ ಊರು ಬಿಡುವುದು ಹೇಗೆ? ಟ್ಯಾಕ್ಸಿಗೆ ಸೂಟ್‌ಕೇಸ್ ಏರಿಸಿ ಅವರು ನನ್ನ ಕಡೆ ತಿರುಗಿದರು. ಹದಿನೆಂಟು ವರ್ಷದ ಸಂಸಾರ, ಏನಾದರೂ ಹೇಳುತ್ತಾರೆಂದು ಕಾದೆ.

"ಕಾರು ವಾರಕ್ಕೊಮ್ಮೆ ಓಡಿಸು," ಎಂದರು. "ಇಲ್ಲಾಂದ್ರ ಬೇರಿಂಗ್ ಹಿಡೀತಾವ."

ನಾವು ಧಾರವಾಡದವರು. ಮಾತಿಗೆ ಕೊರತೆಯಿಲ್ಲದ ಊರು ಅದು. ಆದರೆ ನಮ್ಮಿಬ್ಬರ ನಡುವೆ ಒಂದು ಪದ್ಧತಿ ಬೆಳೆದುಬಿಟ್ಟಿದೆ. ಯಾವುದೇ ವಿಷಯ ಬರಲಿ, ಅವರು "ನೀ ಹೆಂಗ ಅಂತೀ ಹಂಗ" ಅನ್ನುತ್ತಾರೆ, ನಾನು "ನಿಮ್ಮ ಇಷ್ಟರಿ" ಅನ್ನುತ್ತೇನೆ. ಮನೆ ಕೊಂಡಿದ್ದು ಹೀಗೆ, ಸೋಫಾದ ಬಣ್ಣ ಆರಿಸಿದ್ದು ಹೀಗೆ. ಆ ಸೋಫಾ ನಮ್ಮಿಬ್ಬರಿಗೂ ಹಿಡಿಸಿಲ್ಲವೆಂದು ತಿಳಿಯಲು ಆರು ವರ್ಷ ಬೇಕಾಯಿತು. ಸಿಡ್ನಿಯ ಕೆಲಸವೂ ಹೀಗೆಯೇ ತೀರ್ಮಾನವಾಗಿತ್ತು. ಅವರಿಗೆ ಹೋಗುವ ಮನಸ್ಸಿತ್ತೋ ಇಲ್ಲವೋ ನಾನು ಕೇಳಲಿಲ್ಲ, ನನಗೆ ಕಳಿಸುವ ಮನಸ್ಸಿತ್ತೋ ಇಲ್ಲವೋ ಅವರು ಕೇಳಲಿಲ್ಲ.

ಮೊದಲ ತಿಂಗಳುಗಳಲ್ಲಿ ದಿನಾ ಸಂಜೆ ಫೋನ್ ಬರುತ್ತಿತ್ತು. ಊಟ ಆಯಿತೇ, ಆಯಿತು. ಕಸದ ಬಿನ್ ಹೊರಗಿಟ್ಟೆಯಾ, ಇಟ್ಟೆ. ಅನಘಾ ಓದುತ್ತಿದ್ದಾಳಾ, ಓದುತ್ತಿದ್ದಾಳೆ. ಅಲ್ಲಿಗೆ ಮೂರು ನಿಮಿಷ. ಸಿಡ್ನಿಯ ಹ್ಯಾರಿಸ್ ಪಾರ್ಕಿನ ಒಂದು ಮಿಠಾಯಿ ಅಂಗಡಿಯ ಮೇಲೆ ಅವರ ಬಾಡಿಗೆ ಕೋಣೆ. ಕೆಳಗಿನಿಂದ ಜಿಲೇಬಿ ಕರಿಯುವ ವಾಸನೆ ಬರುತ್ತದೆ ಎನ್ನುತ್ತಿದ್ದರು. ಆ ವಾಸನೆ ಫೋನಿನಲ್ಲಿ ಬರುವುದಿಲ್ಲವಾದ್ದರಿಂದ ಆ ಮಾತೂ ಅಲ್ಲಿಗೇ ನಿಲ್ಲುತ್ತಿತ್ತು. ಒಂದು ಸಂಜೆ ಫೋನ್ ಇಟ್ಟ ಮೇಲೆ ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೀಗೇ ಇನ್ನೊಂದು ವರ್ಷ ಕಳೆದರೆ ಇವರು ನನಗೆ ಬಿನ್ನಿನ ವಿಷಯ ವಿಚಾರಿಸುವ ಒಬ್ಬ ಸಜ್ಜನರಾಗಿ ಉಳಿಯುತ್ತಾರಲ್ಲ ಎನ್ನಿಸಿತು.

ಕಾರನ್ನು ಮಾತ್ರ ನಾನು ನಿಷ್ಠೆಯಿಂದ ಓಡಿಸುತ್ತಿದ್ದೆ. ಮೊದಮೊದಲು ವ್ರತದ ಹಾಗೆ, ಆಮೇಲೆ ರುಚಿ ಹತ್ತಿ. ಮನೆಯ ಹಿಂದೆ ಫುಟಿ, ಅಂದರೆ ಇಲ್ಲಿಯವರ ಫುಟ್‌ಬಾಲ್, ಆಡುವ ದೊಡ್ಡ ಮೈದಾನವಿದೆ. ಮೆಲ್ಬರ್ನಿನ ಚಳಿಗಾಲದಲ್ಲಿ ಹಿಮ ಬೀಳುವುದು ದೂರದ ಬೆಟ್ಟಗಳ ಮೇಲೆ. ನಮ್ಮ ಪಾಲಿಗೆ ಬರುವುದು ಇಬ್ಬನಿ, ಕೆಸರು, ಮತ್ತು ಮಂಜು. ಕೆಲವು ಬೆಳಿಗ್ಗೆ ಮೈದಾನದ ಆಚೆ ತುದಿ ಇರುವುದೇ ಇಲ್ಲ. ಕಾರನ್ನು ಬಿಟ್ಟರೆ ಇಪ್ಪತ್ತು ಹೆಜ್ಜೆಯಷ್ಟು ಕಾಣುತ್ತದೆ, ಆಮೇಲೆ ಬರೀ ಸದ್ದು. ಗುಂಯ್ ಎನ್ನುತ್ತ ಬಿಳುಪಿನೊಳಗೆ ಎಲ್ಲೋ ಸುತ್ತುತ್ತಿರುತ್ತದೆ. ನಾನು ಕಣ್ಣು ಅರೆಮುಚ್ಚಿ ಸದ್ದಿನ ಮೇಲೆಯೇ ತಿರುಗಿಸುತ್ತೇನೆ. ಆಗ ಎಲ್ಲಿದ್ದೇನೆ ಎನ್ನುವುದು ಸ್ವಲ್ಪ ಮರೆಯುತ್ತದೆ. ಸಿಡ್ನಿ ಆ ಮಂಜಿನ ಆಚೆಯೇ ಇದೆ, ಕಾರು ಒಂದು ಸುತ್ತು ಹೋಗಿ ನೋಡಿಕೊಂಡು ಬರುತ್ತದೆ ಎಂದುಕೊಂಡು ಎಷ್ಟೋ ಹೊತ್ತು ನಿಂತಿದ್ದಿದೆ. ನಾಯಿ ತಿರುಗಿಸಲು ಬರುವ ಅಜ್ಜಿಯೊಬ್ಬಳು, ಹುಲ್ಲು ಗಾಜಿನಂತೆ ಗಟ್ಟಿಯಾಗಿರುವ ದಿನವೂ, "ಬಿಟ್ ಫ್ರೆಶ್ ದಿಸ್ ಮಾರ್ನಿಂಗ್," ಅಂದರೆ ಇವತ್ತು ತುಸು ತಂಪು, ಎಂದಷ್ಟೇ ನಕ್ಕು ಹೋಗುತ್ತಾಳೆ.

ಚಳಿಗಾಲದ ಕಾರಿಗೆ ಉಪಚಾರ ಬಹಳ. ಬಾಣಂತನದಷ್ಟೇ ಎಂದರೂ ತಪ್ಪಿಲ್ಲ. ಬ್ಯಾಟರಿಗೆ ಥಂಡಿ ಆಗಿಬರುವುದಿಲ್ಲ, ಅರ್ಧ ದಾರಿಯಲ್ಲೇ ಸುಸ್ತಾಗುತ್ತದೆ. ಅದಕ್ಕೇ ಮೈದಾನಕ್ಕೆ ಹೋಗುವವರೆಗೂ ಅದನ್ನು ನಮ್ಮವರ ಮಂಕಿ ಕ್ಯಾಪಿನಲ್ಲಿ ಸುತ್ತಿ ಕೋಟಿನ ಒಳಗೆ ಇಟ್ಟುಕೊಳ್ಳುತ್ತೇನೆ. ಚಕ್ರ ಹಿಡಿದಿರುವ ಪ್ಲಾಸ್ಟಿಕ್ ತೋಳುಗಳು ಚಳಿಗೆ ಪೆಡಸಾಗಿ ಸಣ್ಣ ಕಲ್ಲಿಗೂ ಲಟಕ್ ಎನ್ನುತ್ತವೆ, ಆದ್ದರಿಂದ ಹೊಸ ತೋಳು ಸದಾ ಡಬ್ಬಿಯಲ್ಲಿರಬೇಕು. ಮನೆಗೆ ಬಂದ ಕೂಡಲೇ ಚಕ್ರ ಬಿಚ್ಚಿ, ಹಳೆಯ ಟೂತ್‌ಬ್ರಶ್ಶಿನಿಂದ ಕೆಸರು ತೆಗೆದು, ಒಣಗಿಸಿ, ಬೇರಿಂಗಿಗೆ ಎರಡು ಹನಿ ಎಣ್ಣೆ ಬಿಡಬೇಕು.

ನನ್ನ ಪತನ ಆ ಎರಡು ಹನಿಯಲ್ಲಿತ್ತು. ಅವರು ಇಟ್ಟುಹೋಗಿದ್ದ ಎಣ್ಣೆಯ ಪುಟ್ಟ ಸೀಸೆ ಏಪ್ರಿಲ್‌ನಲ್ಲಿ ಮುಗಿಯಿತು. ನನಗೆ ಎಣ್ಣೆಯೆಂದರೆ ಕೊಬ್ಬರಿ ಎಣ್ಣೆ. ಬಾಗಿಲ ತಿರುಗಣಿಗೂ, ತುಕ್ಕು ಹಿಡಿದ ಕೀಲಿಗೂ, ಹೊಲಿಗೆ ಯಂತ್ರಕ್ಕೂ, ಕೂಸಿನ ನೆತ್ತಿಗೂ ಅದನ್ನೇ ಹಚ್ಚಿದ ಮನೆತನ ನಮ್ಮದು. ಕಾರಿಗೂ ಹಚ್ಚಿದೆ. ಧಾರಾಳವಾಗಿ ಹಚ್ಚಿದೆ. ಬೇರಿಂಗಿಗಷ್ಟೇ ಅಲ್ಲ, ಗೇರಿನ ಪೆಟ್ಟಿಗೆಯನ್ನೂ ಬಿಚ್ಚಿ ಒಳಗೆ ಬಿಟ್ಟೆ. ಕಾರು ಘಮಘಮ ಎನ್ನುತ್ತ ಓಡಿತು.

ಜೂನ್ ಬಂತು, ಕಾರು ನಿಂತಿತು. ಮೈದಾನದಲ್ಲಿ ನಾಲ್ಕು ಮಾರು ಹೋಗಿ, ನರಳಿ, ಗಪ್‌ಚುಪ್. ಮನೆಗೆ ತಂದು ಒಣಗಿಸಿ ರಿಮೋಟ್ ಒತ್ತಿದರೆ ಚಕ್ರಗಳು ಭರ್ರೆಂದು ತಿರುಗುತ್ತವೆ! ಮರುದಿನ ಮೈದಾನಕ್ಕೆ ಒಯ್ದರೆ ಮತ್ತೆ ಮುಷ್ಕರ. ಡಾಕ್ಟರ ಮುಂದೆ ಕೂತಾಗ ಮಾತ್ರ ನೋವು ಮಾಯವಾಗುವ ರೋಗಿಗಳನ್ನು ಬಲ್ಲೆ, ಇದು ಅದೇ ಜಾತಿ. ಸಂಜೆ ಫೋನಿನಲ್ಲಿ ಬಿನ್ನಿನ ವಿಷಯ ಮುಗಿದ ಮೇಲೆ ಹೇಳಿದೆ.

"ಕಾರು ನಿಲ್ಲಾಕತ್ತದರಿ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು. "ಏನಂದಿ? ತಡಿ, ವಿಡಿಯೋ ಹಚ್ಚು. ನನಗ ತೋರಿಸು."

ಅಂದು ನಲವತ್ತು ನಿಮಿಷ ಮಾತಾಡಿದೆವು. ಸಕ್ಕರೆ ಡಬ್ಬಿಗೆ ಫೋನ್ ಆನಿಸಿಟ್ಟು, ಅವರು ಹೇಳಿದ ಸ್ಕ್ರೂ ಬಿಚ್ಚಿದೆ. ಮರುದಿನ ಮೋಟರಿನ ತಂತಿ, ಅದರ ಮರುದಿನ ರಿಮೋಟಿನ ಸೂಚನೆ ಹಿಡಿಯುವ ಪೆಟ್ಟಿಗೆ. ಬಿಚ್ಚುತ್ತ ಬಿಚ್ಚುತ್ತ ಬೇರೆ ಮಾತುಗಳೂ ಹೊರಬಿದ್ದವು. ಅವರು ಹುಡುಗನಾಗಿದ್ದಾಗ ರೇಡಿಯೋ ಬಿಚ್ಚಿ, ಮತ್ತೆ ಕೂಡಿಸಲು ಬಾರದೆ ಅಜ್ಜನ ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಕಥೆಯನ್ನು ನಾನು ಹದಿನೆಂಟು ವರ್ಷದಲ್ಲಿ ಕೇಳಿರಲಿಲ್ಲ. ಲ್ಯಾಬಿನಲ್ಲಿ ಹೊಸ ಮೇಲಧಿಕಾರಿ ನನ್ನನ್ನು ಕಂಡರೆ ಆಗದವಳು ಎನ್ನುವುದನ್ನು ನಾನೂ ಅವರಿಗೆ ಹೇಳಿರಲಿಲ್ಲ. "ನೀ ಯಾಕ ಹೇಳ್ಲಿಲ್ಲ?" ಎಂದರು. ನಾನು ಮುಂದಿನ ಸ್ಕ್ರೂಗೆ ಕೈ ಹಾಕಿದೆ.

ರೋಗ ಸಿಕ್ಕಿದ್ದು ಒಂದು ಭಾನುವಾರ ಬಚ್ಚಲಿನಲ್ಲಿ. ತಲೆಗೆ ಹಚ್ಚಲೆಂದು ಕೊಬ್ಬರಿ ಎಣ್ಣೆಯ ಬಾಟಲಿ ಬೋರಲು ಹಾಕಿದರೆ ಹನಿಯೂ ಬೀಳಲಿಲ್ಲ. ಬಿಳಿ ಕಲ್ಲು. ಎಂದಿನಂತೆ ಬಿಸಿನೀರಿನ ಮಗ್ಗಿನಲ್ಲಿ ನಿಲ್ಲಿಸಿದೆ. ಎಂದಿನಂತೆ! ಜೂನ್‌ನಿಂದ ವಾರ ವಾರವೂ ಹಾಗೆ ನಿಲ್ಲಿಸುತ್ತ ಬಂದಿದ್ದೇನೆ. ದಿನವಿಡೀ ದ್ರವಗಳನ್ನೇ ಪರೀಕ್ಷಿಸಿ ಸಂಬಳ ಎಣಿಸುವ ನನಗೆ, ಚಳಿಗೆ ಹೆಪ್ಪುಗಟ್ಟುವ ಎಣ್ಣೆ ಹೇರ್ ಡ್ರೈಯರಿಗೆ ಕರಗುತ್ತದೆಂಬುದು ಒಂದೂವರೆ ತಿಂಗಳು ಹೊಳೆದಿರಲಿಲ್ಲ. ಬಚ್ಚಲ ಸ್ಟೂಲಿನ ಮೇಲೆ ಕೂತು ಒಬ್ಬಳೇ ನಕ್ಕೆ.

ನಮ್ಮ ಅಜ್ಜನಿಗೆ ಈ ವಿದ್ಯೆ ಗೊತ್ತಿತ್ತು. ನವಲಗುಂದದ ಕಡೆ ಅವನ ಬಂಡಿಗೆ ಹಚ್ಚುತ್ತಿದ್ದ ಕೀಲೆಣ್ಣೆ ಹರಳೆಣ್ಣೆಯದು. ಸುಟ್ಟ ಹುಲ್ಲಿನ ಬೂದಿ ಕಲಸಿ ಕಪ್ಪಗೆ ಮಾಡಿ ಅಚ್ಚಿಗೆ ಬಳಿಯುತ್ತಿದ್ದ. ಹರಳೆಣ್ಣೆ ಈ ಊರಿನ ಚಳಿಗೆ ಜಗ್ಗುವುದಿಲ್ಲ. ಹಳೆಯ ಕಾಲದ ವಿಮಾನಗಳ ಇಂಜಿನ್ನಿಗೂ ಅದನ್ನೇ ಹಾಕುತ್ತಿದ್ದರೆಂದು ಆಮೇಲೆ ಓದಿದೆ. ಅಜ್ಜ ಒಂದು ಅಕ್ಷರ ಓದಿದವನಲ್ಲ, ಬಂಡಿ ಮಾತ್ರ ನಿಂತದ್ದಿಲ್ಲ.

ಅಂದೇ ಎಲ್ಲ ಭಾಗ ಬಿಚ್ಚಿ, ಬಿಸಿ ಸೋಪು ನೀರಿನಲ್ಲಿ ತೊಳೆದು, ಅಂಗಡಿಯಿಂದ ತಂದ ಸರಿಯಾದ ಎಣ್ಣೆ ಬಿಟ್ಟೆ. ಹಲ್ಲು ಸವೆದಿದ್ದ ಒಂದು ಗೇರನ್ನೂ ಬದಲಿಸಿದೆ. ಎಲ್ಲವನ್ನೂ ಒಬ್ಬಳೇ. ಮಂಜಿನಲ್ಲಿ ಕಾರು ಕುದುರೆಯಾಗಿ ಓಡಿತು. ಸಂಜೆ ಫೋನ್ ಬಂತು.

"ಇವತ್ತರೆ ಓಡಿತೇನು?"

"ಇಲ್ಲರಿ," ಎಂದೆ. "ಇವತ್ತೂ ನಿಂತ್ತು."

ಸುಳ್ಳು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ಕಂಡು ನನಗೇ ಬೆರಗಾಯಿತು. ಆದರೆ ಓಡಿತು ಎಂದಿದ್ದರೆ ಆಮೇಲೆ ಏನು ಮಾತಾಡುವುದು? ಮತ್ತೆ ಬಿನ್ನಿಗೆ ಬರಬೇಕಿತ್ತು. ಹೀಗೆ ಹದಿಮೂರು ದಿನ ಆರೋಗ್ಯವಂತ ಕಾರಿಗೆ ರೋಗ ಹುಡುಕಿದೆ. ಒಂದು ದಿನ ವಾಸನೆ ಬಂತು ಎಂದೆ, ಇನ್ನೊಂದು ದಿನ ಎಡಕ್ಕೆ ಎಳೆಯುತ್ತದೆ ಎಂದೆ. ಅವರು ಪಾಪ, ಕಾಗದದ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದರು. ಮಗಳು ಒಂದು ಸಂಜೆ ಬಾಗಿಲಿಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಳು.

"ಅಮ್ಮಾ, ಯೂ ಫಿಕ್ಸ್‌ಡ್ ಇಟ್ ಲಾಸ್ಟ್ ವೀಕ್."

"ನೀ ಹೋಗಿ ಓದ್ಕೋ."

"ಯೂ ಗೈಸ್ ಆರ್ ಸೋ ವಿಯರ್ಡ್. ಜಸ್ಟ್ ಟೆಲ್ ಹಿಮ್ ಟು ಕಮ್ ಹೋಮ್."

ಆ ವಾರವೇ ಅವರು ಇನ್ನೊಂದು ಸುದ್ದಿ ಹೇಳಿದರು. ವರ್ಷದ ಕೊನೆಗೆ ಮುಗಿಯಬೇಕಿದ್ದ ಕೆಲಸವನ್ನು ಇನ್ನೂ ಎರಡು ವರ್ಷ ಮುಂದುವರಿಸುವಂತೆ ಆಫೀಸಿನವರು ಕೇಳಿದ್ದಾರಂತೆ. ಸೋಮವಾರ ಉತ್ತರ ಕೊಡಬೇಕಂತೆ. "ನೀ ಹೆಂಗ ಅಂತೀ ಹಂಗ," ಎಂದರು. ಬೇಡವೇ ಬೇಡ ಎನ್ನಿಸಿತು. ಬಾಯಿ ಮಾತ್ರ ಅಭ್ಯಾಸಬಲದಿಂದ "ನಿಮ್ಮ ಇಷ್ಟರಿ," ಎಂದಿತು. ಅದಕ್ಕೆ ಅವರು, "ಶನಿವಾರ ಬರ್ತೇನಿ. ಕಾರು ನಾನ ನೋಡ್ತೇನಿ," ಎಂದರು.

ಶನಿವಾರ ಬೆಳಿಗ್ಗೆ ಮೈದಾನವೆಲ್ಲ ಮಂಜು. ಅವರು ಬ್ಯಾಗಿನಲ್ಲಿ ಸ್ಕ್ರೂ ಡ್ರೈವರುಗಳನ್ನು ತುಂಬಿಕೊಂಡು ಬಂದಿದ್ದರು. ಕಾರನ್ನು ಹುಲ್ಲಿನ ಮೇಲಿಟ್ಟು, ರಿಮೋಟ್ ಒತ್ತಿ, ಅದು ನಿಲ್ಲುವುದನ್ನೇ ಕಾಯುತ್ತ ಕಿವಿಗೊಟ್ಟರು. ಒಂದು ಸುತ್ತು, ಎರಡು ಸುತ್ತು. ಗುಂಯ್ ಸದ್ದು ದೂರ ಹೋಗಿ ಹತ್ತಿರ ಬಂತು.

"ನಿಲ್ಲವಲ್ದಲ್ಲ?"

"ನಿಲ್ಲೂದಿಲ್ಲರಿ. ಸರಿ ಮಾಡಿ ಹದಿಮೂರು ದಿನಾ ಆತು. ನಾನ ಕೊಬ್ಬರಿ ಎಣ್ಣಿ ಹಾಕಿದ್ದೆ, ನಾನ ತೆಗದೆ."

ಅವರು ನನ್ನ ಕಡೆ ತಿರುಗಿದರು. ಬೆರಳು ರಿಮೋಟಿನ ಮೇಲೆಯೇ ಇತ್ತು, ಕಾರು ಎಲ್ಲೋ ತನ್ನ ಪಾಡಿಗೆ ಸುತ್ತುತ್ತಿತ್ತು. "ಮತ್ತ ದಿನಾ ನಿಂತ್ತು ನಿಂತ್ತು ಅಂತಿದ್ದೆಲ್ಲ?"

"ಸರಿ ಆತು ಅಂದಿದ್ರ ನೀವು ಮೂರು ನಿಮಿಷಕ್ಕ ಫೋನ್ ಇಡ್ತಿದ್ರಿ." ನನಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಿಲ್ಲ. "ಎರಡು ವರ್ಷ ಬ್ಯಾಡ್ರಿ. ನಿಮ್ಮ ಇಷ್ಟ ಅಲ್ಲ, ಇದು ನನ್ನ ಇಷ್ಟ. ನೀವು ಮನೀಗೆ ಬರ್ರಿ."

ಅಷ್ಟರಲ್ಲಿ ಸದ್ದು ನಿಂತಿತು. ಬ್ಯಾಟರಿ ಮುಗಿದಿತ್ತು. ಇಡೀ ಮೈದಾನ ಬಿಳಿಯ ನಿಶ್ಶಬ್ದವಾಯಿತು. ಅವರು ಜೇಬಿನಿಂದ ಫೋನ್ ತೆಗೆದು, ಚಳಿಗೆ ಮರಗಟ್ಟಿದ ಹೆಬ್ಬೆರಳಿನಿಂದ ಏನನ್ನೋ ಹುಡುಕಿ ನನಗೆ ತೋರಿಸಿದರು. ಆಫೀಸಿಗೆ ಬರೆದ ನಾಲ್ಕು ಸಾಲಿನ ಮೇಲ್. ಮುಂದುವರಿಯಲು ಆಗುವುದಿಲ್ಲ, ಕ್ಷಮಿಸಿ, ಎಂದಿತ್ತು.

"ಮಂಗಳವಾರ ಬರದೇನಿ," ಎಂದರು. "ಕಳಸಾಕ ಧೈರ್ಯ ಆಗ್ಲಿಲ್ಲ. ನಿನಗ ನಾ ಇಲ್ದ ಆರಾಮ ಅನಸ್ತದೇನೋ ಅಂತ..."

ನನ್ನ ಎದುರಿಗೇ ಕಳಿಸಿದರು. ಆಮೇಲೆ ನಾವು ಕಾರನ್ನು ಹುಡುಕುತ್ತ ಮಂಜಿನೊಳಗೆ ನಡೆದೆವು. ಅವರು ನನ್ನ ಕೈ ಹಿಡಿದಿದ್ದರು, ಜಾರಬಾರದಲ್ಲ ಎಂದರು, ನಾನು ಒಪ್ಪಿಕೊಂಡೆ. ಹುಲ್ಲು ಕಾಲಡಿ ಮುರುಮುರು ಎನ್ನುತ್ತಿತ್ತು. ಇಲ್ಲೆಲ್ಲೋ ಇರಬೇಕು, ಇಲ್ಲ ಆಚೆ ಇರಬೇಕು ಎನ್ನುತ್ತ ಅವರು ಮೈದಾನದ ತುಂಬ ನನ್ನನ್ನು ಸುತ್ತಿಸಿದರು. ಕಾರು ಎಡಗಡೆಯ ಗೋಲ್ ಕಂಬದ ಬುಡದಲ್ಲಿ ನಿಂತದ್ದು ನನಗೆ ಆಗಲೇ ಕಂಡಿತ್ತು. ಹೇಳಲಿಲ್ಲ. ಒಂದೇ ಬೆಳಿಗ್ಗೆ ಎಲ್ಲವನ್ನೂ ಹೇಳಿ ಮುಗಿಸಬೇಕೆಂದೇನೂ ಇಲ್ಲವಲ್ಲ.