ಕೆಳಗ ಕುಂದ್ರಲೇ

ನಲವತ್ತೇಳನೆಯ ಇಸವಿಯ ಹೊತ್ತಿಗೆ ಇಂಗ್ಲಿಷ್ ಕಲಿಸುವುದೆಂದರೆ ನನಗೆ ಸಾಕುಸಾಕಾಗಿತ್ತು. ನಿಜಾಮರ ಆಳ್ವಿಕೆ; ಶಾಲೆಯಲ್ಲಿ ಪಾಠವೆಲ್ಲ ಉರ್ದು, ಮಕ್ಕಳ ಮನೆಮಾತು ಕನ್ನಡ. ನಡುವೆ ಇಂಗ್ಲಿಷನ್ನು ಎಲ್ಲಿ ತುರುಕುವುದು? ಮೇಲಿನವರು ಉಪಾಯ ಹುಡುಕಿದರು. ಕೈಯಿಂದ ತಿರುವುವ ಸಿನಿಮಾ ಯಂತ್ರ, ಒಂದೇ ಒಂದು ಹಳೆಯ ಮೂಕಿ ಚಿತ್ರ ಕೊಟ್ಟು, ಆಳಂದ, ಅಫಜಲಪುರ, ಜೇವರ್ಗಿಯ ಶಾಲೆಗಳಿಗೆ ತಿರುಗು ಎಂದರು. ಚಿತ್ರದ ನಡುನಡುವೆ ಪಾತ್ರಗಳ ಮಾತು ಇಂಗ್ಲಿಷಿನಲ್ಲಿ ಬರೆದು ಬರುತ್ತಿತ್ತು. ನಾನದನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಬೇಕು. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ ಕೋಣೆಯಲ್ಲಿ, ಬೆವರು ಸುರಿಸುತ್ತ, ಅದೇ ಮಾತನ್ನು ಎಷ್ಟು ಸಲ ಒದರಿದೆನೋ.

ಯಂತ್ರ ತಿರುವಲು ನಮ್ಮ ಶಾಲೆಯ ಚಪ್ರಾಸಿ ಬಂದಿದ್ದ. ನನಗಿಂತ ಹತ್ತು ವರ್ಷ ದೊಡ್ಡವನು. ಕಲಬುರ್ಗಿಯ ದೊಡ್ಡ ಸಾಹೇಬರ ಬಾಗಿಲಲ್ಲಿ ದಫೇದಾರನಾಗಿ, ಬಂದವರನ್ನು ಒಳಗೆ ಕಳಿಸುವ ಕೆಲಸ ಹಿಡಿಯಬೇಕೆಂದು ಅವನಾಸೆ. ಸಾಹೇಬರು ಇಂಗ್ಲಿಷಿನಲ್ಲಿ ನಾಲ್ಕು ಅಪ್ಪಣೆ ಕೊಟ್ಟು, ತಿಳಿದವನನ್ನೇ ತೆಗೆದುಕೊಳ್ಳುತ್ತಾರಂತೆ. ಹಾಗಾಗಿ ಯಂತ್ರ ತಿರುವುತ್ತ, ನಾನು ಹೇಳಿದ ಒಂದೊಂದು ಮಾತನ್ನೂ ಹಿಂದಿನಿಂದ ಪಿಸುಗುಡುತ್ತಿದ್ದ. ಅವನ ಹುರುಪು ನೋಡಿದರೆ ನನಗೆ ಇನ್ನಷ್ಟು ದಣಿವು.

ಚಿತ್ರದಲ್ಲಿ ಡಾಕ್ಟರನ ಬಳಿಗೆ ಮೊದಲೊಬ್ಬ ಸಾಹುಕಾರ ಬರುತ್ತಾನೆ, ಆಮೇಲೆ ಅವನ ಆಳು. ಡಾಕ್ಟರ ಇಬ್ಬರಿಗೂ ‘ಸಿಟ್ ಡೌನ್’ ಎನ್ನುತ್ತಾನೆ. ಸಾಹುಕಾರನಿಗೆ ನಾನು ‘ಕುಂದರ್ರಿ’ ಎನ್ನುತ್ತಿದ್ದೆ. ಆಳಿಗೆ ‘ಕೆಳಗ ಕುಂದ್ರಲೇ’. ಮಕ್ಕಳು ಗೊಳ್ಳೆಂದು ನಗುತ್ತಿದ್ದರು. ಆಳು ಕೂರುವ ಕಡೆ ರೀಲು ಹರಿದುಹೋಗಿತ್ತು. ಅವನು ಎಲ್ಲಿ ಕೂತನೆಂದು ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ಅಫಜಲಪುರ ಮುಗಿದ ಮೇಲೆ ಚಪ್ರಾಸಿ ರಜೆ ಕೇಳಿ, ಸಾಹೇಬರನ್ನು ಕಾಣಲು ಕಲಬುರ್ಗಿಗೆ ಹೋದ. ನಾನು ಬಂಡಿಯಲ್ಲಿ ಯಂತ್ರ ಹೇರಿಕೊಂಡು ಜೇವರ್ಗಿಗೆ ಬಂದೆ. ಮೂರನೆಯ ದಿನ, ನಾನು ಕಿಟಕಿಗೆ ಕಂಬಳಿ ಕಟ್ಟುತ್ತಿದ್ದಾಗ ಬಂದು ನಿಂತ. ಏನಾಯಿತೆಂದು ಕೇಳಿದೆ.

“ಸಾಹೇಬರ ಮುಂದ ಕುರ್ಚಿ ಇತ್ರಿ ಮಾಸ್ತರ. ಸಿಟ್ ಡೌನ್ ಅಂದ್ರು. ನಾ ಕೆಳಗ ಕುಂತೆ.”

ಇವನಿಗೆ ಇಷ್ಟೂ ತಿಳಿಯದು ಎಂದು ಸಾಹೇಬರು ನಕ್ಕು, ಎರಡನೆಯ ಅಪ್ಪಣೆಯನ್ನೂ ಕೊಡದೆ ಕಳಿಸಿದ್ದರು. ಅವನು ಕಂಬಳಿಯ ಇನ್ನೊಂದು ತುದಿ ಹಿಡಿದುಕೊಂಡು ಮೆಲ್ಲಗೆ ಕೇಳಿದ: “ಆ ಮಾತಿನ್ಯಾಗ ಕೆಳಗ ಅಂಬೋದು ಐತೇನ್ರಿ?”

ಡೌನ್ ಎಂದರೆ ಕೆಳಗೇ ಎಂದು ಹೇಳಿ ಪಾರಾಗಬಹುದಿತ್ತು.

“ಇಲ್ಲ. ಲೇ ಅನ್ನೋದೂ ಇಲ್ಲ. ಎರಡೂ ನಾನೇ ಹಚ್ಚಿದ್ದು.”

“ಹಂಗಾರ ಸಾಹುಕಾರಗೂ ಆಳಿಗೂ ಒಂದೇ ಮಾತೇನ್ರಿ?”

ಒಂದೇ ಎಂದೆ. ಅವನು ಯಂತ್ರದ ಹಿಡಿಕೆಗೆ ಕೈ ಹಾಕಿದ. ಮಕ್ಕಳು ಬಂದು ಕೂತರು. ಆಳು ಬಂದಾಗ ನಾನು ‘ಕುಂದರ್ರಿ’ ಎಂದೆ. ಯಾರೂ ನಗಲಿಲ್ಲ. ಹಿಂದಿನಿಂದ ಅವನ ಪಿಸುಮಾತೂ ಕೇಳಿಸಲಿಲ್ಲ.